ಗಾಡಿ ಯಜಮಾನರದು, ಹಿಡಿತ ಮೇಸ್ತ್ರಿಯದು

ಶನಿವಾರದ ಸಂಜೆ. ಬೆಂಗಳೂರಿನ ಜೆ. ಸಿ. ರಸ್ತೆಯ ಹಿಂಬದಿಯ ಓಣಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ಎಂಜಿನ್ನಿನ ಕೆಲಸ ಮುಗಿದ ಕಾರೊಂದು ನಿಂತಿದೆಯೆಂದು ಓದುಗರು ಭಾವಿಸಿಕೊಳ್ಳಬಹುದು. ಮರುದಿನ ಮುಂಜಾನೆ ಮನೆಮಂದಿಯೆಲ್ಲ ಮದುವೆಗೆಂದು ಶಿವಮೊಗ್ಗಕ್ಕೆ ಹೊರಡಬೇಕು. ಕಾರಿನ ಯಜಮಾನರ ಕೈಯಲ್ಲಿರುವ ಬಿಲ್ಲಿನಲ್ಲಿ ೨೮,೦೦೦ ರೂಪಾಯಿ ಎಂದು ಬರೆದಿದೆ. ಗಾಡಿಯನ್ನು ತಂದು ಬಿಟ್ಟ ದಿನ ಮೇಸ್ತ್ರಿ ಬಾಯಿಮಾತಿನಲ್ಲಿ ಹೇಳಿದ್ದು ೧೮,೦೦೦.

“ಇಷ್ಟೊಂದು ಹೇಗಾಯಿತಪ್ಪ? ಈಗ ಹದಿನೆಂಟು ಸಾವಿರ ತೆಗೆದುಕೊಂಡು ಗಾಡಿ ಕೊಡು. ಮಿಕ್ಕಿದ್ದನ್ನು ಊರಿನಿಂದ ಬಂದಮೇಲೆ ನೋಡೋಣ.”

“ಆಗುವುದಿಲ್ಲ ಸಾರ್. ಬಿಚ್ಚಿ ನೋಡಿದಾಗ ಹೆಡ್ ಗ್ಯಾಸ್ಕೆಟ್ಟು ಹೋಗಿತ್ತು. ಫೋನು ಮಾಡಿ ಹೇಳಿದ್ದೆ. ಸಾಮಾನಿನ ಅಂಗಡಿಯವರಿಗೆ ನಾನು ಕೈಯಿಂದ ಕೊಟ್ಟಾಗಿದೆ. ಪೂರ್ತಿ ಕೊಟ್ಟು ಗಾಡಿ ತೆಗೆದುಕೊಂಡು ಹೋಗಿ.”

“ಗಾಡಿ ನನ್ನದು. ಕೊಡುವುದಿಲ್ಲ ಎನ್ನಲು ನೀನು ಯಾರು?”

“ಗಾಡಿ ನಿಮ್ಮದೇ ಸಾರ್. ಅದಕ್ಕೆ ಮಾಡಿದ ಕೆಲಸ ನನ್ನದು.”

ಇಂಥ ಮಾತು ಯಾವ ಊರಿನ ಗ್ಯಾರೇಜಿನಲ್ಲಾದರೂ ಕೇಳಿಬರುವಂಥದೇ. ದನಿ ಏರುತ್ತದೆ, ಅಕ್ಕಪಕ್ಕದ ಅಂಗಡಿಯವರು ಇಣುಕಿ ನೋಡುತ್ತಾರೆ, ‘ಪೊಲೀಸರನ್ನು ಕರೆಯುತ್ತೇನೆ’ ಎಂಬ ಬೆದರಿಕೆ ಒಂದು ಕಡೆಯಿಂದ, ‘ಧಾರಾಳವಾಗಿ ಕರೆಯಿರಿ’ ಎಂಬ ಉತ್ತರ ಇನ್ನೊಂದು ಕಡೆಯಿಂದ ಬರುತ್ತದೆ. ನೋಂದಣಿ ಪತ್ರದಲ್ಲಿ ಹೆಸರಿರುವುದು ಯಜಮಾನರದು; ಕೀಲಿಕೈ ಇರುವುದು ಮೇಸ್ತ್ರಿಯ ಜೇಬಿನಲ್ಲಿ. ಕಾನೂನು ಯಾರ ಪಕ್ಷ ವಹಿಸುತ್ತದೆ?

ಉತ್ತರ ಅನೇಕ ಗೃಹಸ್ಥರಿಗೆ ಆಶ್ಚರ್ಯವನ್ನುಂಟುಮಾಡೀತು. ನ್ಯಾಯವಾಗಿ ಸಲ್ಲಬೇಕಾದ ಕೂಲಿ ಬಾಕಿಯಿರುವವರೆಗೆ ಗಾಡಿಯನ್ನು ತನ್ನಲ್ಲಿಯೇ ಇರಿಸಿಕೊಳ್ಳುವ ಅಧಿಕಾರ ಮೇಸ್ತ್ರಿಗೆ ಉಂಟು. ವಕೀಲರು ಇದನ್ನು ‘ಲಿಯನ್’ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ ‘ತಡೆಹಿಡಿಯುವ ಹಕ್ಕು’. ಆದರೆ ಈ ಹಕ್ಕಿನ ಸುತ್ತ ಕಾನೂನು ಒಂದು ಗೆರೆಯನ್ನೂ ಎಳೆದಿದೆ. ಅದನ್ನು ದಾಟಿದರೆ ನ್ಯಾಯವಾಗಿ ಹಣ ಬರಬೇಕಾದವನೇ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ವಜ್ರ, ಕೋಟು ಮತ್ತು ಮೋಟಾರು

ಭಾರತದ ಕರಾರು ಅಧಿನಿಯಮ ೧೮೭೨ರದು. ಆಗ ನಮ್ಮ ಬೀದಿಗಳಲ್ಲಿ ಓಡುತ್ತಿದ್ದವು ಕುದುರೆಗಾಡಿ, ಎತ್ತಿನ ಗಾಡಿಗಳು; ಮೋಟಾರಿನ ಹೆಸರನ್ನೇ ಯಾರೂ ಕೇಳಿರಲಿಲ್ಲ. ಆದರೂ ಇಂದಿನ ಗ್ಯಾರೇಜಿನ ಜಗಳವನ್ನು ತೀರ್ಮಾನಿಸುವುದು ಆ ಅಧಿನಿಯಮದ ೧೭೦ನೆಯ ಕಲಮೇ. ಒಬ್ಬರು ತಮ್ಮ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬರ ವಶಕ್ಕೆ ಒಪ್ಪಿಸಿದಾಗ, ಪಡೆದುಕೊಂಡವನು ಆ ಉದ್ದೇಶದಂತೆ ತನ್ನ ಶ್ರಮವನ್ನೋ ಕುಶಲತೆಯನ್ನೋ ವಿನಿಯೋಗಿಸಿ ಕೆಲಸ ಮಾಡಿದ್ದರೆ, ತಕ್ಕ ಪ್ರತಿಫಲ ದೊರೆಯುವವರೆಗೆ ವಸ್ತುವನ್ನು ಹಿಂದಿರುಗಿಸದೆ ಇರಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾದ ಒಪ್ಪಂದ ಮಾತ್ರ ಇರಬಾರದು. ಇದು ಆ ಕಲಮಿನ ಸಾರಾಂಶ.

ಕಾನೂನು ಬರೆದವರು ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಟ್ಟಿದ್ದಾರೆ. ಒಬ್ಬನು ಒರಟು ವಜ್ರವನ್ನು ರತ್ನಪಡಿ ವ್ಯಾಪಾರಿಗೆ ಕೊಟ್ಟು, ಕತ್ತರಿಸಿ ಹೊಳಪು ಮಾಡಿಸುತ್ತಾನೆ. ಕೂಲಿ ಸಲ್ಲುವವರೆಗೆ ವಜ್ರವನ್ನು ಇರಿಸಿಕೊಳ್ಳಲು ವ್ಯಾಪಾರಿಗೆ ಹಕ್ಕುಂಟು. ಇನ್ನೊಬ್ಬನು ಕೋಟು ಹೊಲಿಯಲು ದರ್ಜಿಗೆ ಬಟ್ಟೆ ಕೊಡುತ್ತಾನೆ. ಹೊಲಿದಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಅವಕಾಶ ಕೊಡುತ್ತೇನೆ ಎಂದು ದರ್ಜಿ ಮಾತು ಕೊಟ್ಟಿರುತ್ತಾನೆ. ಆಗ ಕೋಟನ್ನು ತಡೆಹಿಡಿಯುವ ಹಕ್ಕು ದರ್ಜಿಗೆ ಇಲ್ಲ. ವಜ್ರದ ಬದಲಿಗೆ ಕಾರನ್ನು, ದರ್ಜಿಯ ಬದಲಿಗೆ ‘ತಿಂಗಳ ಕೊನೆಗೆ ಕೊಡಿ ಸಾರ್’ ಎಂದು ಹೇಳಿಬಿಟ್ಟ ಮೇಸ್ತ್ರಿಯನ್ನು ಇರಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಈ ವಿವೇಚನೆ ನಮ್ಮ ನಾಡಿಗೆ ಹೊಸತೇನಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯ ರಾಜನು ತೀರ್ಮಾನಿಸಬೇಕಾದ ಹದಿನೆಂಟು ಬಗೆಯ ವ್ಯಾಜ್ಯಗಳನ್ನು ಎಣಿಸುತ್ತದೆ. ನಂಬಿ ಒಪ್ಪಿಸಿದ ವಸ್ತುವಿನದು ‘ನಿಕ್ಷೇಪ’, ಒಡೆಯನಲ್ಲದವನು ಮಾರಿದರೆ ‘ಅಸ್ವಾಮಿವಿಕ್ರಯ’, ಕೂಲಿಯ ತಕರಾರಿಗೆ ಬೇರೆಯೇ ಒಂದು ಪ್ರಕರಣ. ಚಾಲುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಈ ಪ್ರಕರಣಗಳಿವೆ. ಗ್ಯಾರೇಜಿನ ಜಗಳದಲ್ಲಿ ಈ ಮೂರೂ ಒಂದೇ ಕಡೆ ಕೂಡಿಕೊಂಡಿವೆ: ನಂಬಿ ಬಿಟ್ಟ ಗಾಡಿ, ಸಲ್ಲದ ಕೂಲಿ, ಮತ್ತು ‘ಮಾರಿಬಿಡುತ್ತೇನೆ’ ಎಂಬ ಬೆದರಿಕೆ.

ಹಿಡಿತ ತಪ್ಪಿದರೆ ಹಕ್ಕೂ ತಪ್ಪಿತು

ಈ ಹಕ್ಕು ಇರುವುದು ಕೈಯ ಹಿಡಿತದಲ್ಲಿ. ಗಾಡಿ ವಶದಲ್ಲಿರುವವರೆಗೆ ಅದು ಜೀವಂತ. ಮಾತಿಗೆ ಮನಸೋತು ಕೀಲಿಕೈ ಒಪ್ಪಿಸಿದನೋ, ಹಕ್ಕು ಅಲ್ಲಿಗೆ ಮುಗಿಯಿತು. ಆಮೇಲೆ ಮೇಸ್ತ್ರಿ ಸಾಲ ಕೊಟ್ಟ ಇತರರಂತೆ ದಾವೆ ಹೂಡಬೇಕೇ ಹೊರತು, ಮುಂದಿನ ತಿಂಗಳು ಎಣ್ಣೆ ಬದಲಾಯಿಸಲು ಬಂದ ಅದೇ ಗಾಡಿಯನ್ನು ಹಳೆಯ ಬಾಕಿಗೆ ಹಿಡಿದುಕೊಳ್ಳುವಂತಿಲ್ಲ. ೧೯೪೩ರಲ್ಲಿ ವರದಿಯಾದ ನಾಗಪುರದ ಹೈಕೋರ್ಟಿನ ತೀರ್ಪೊಂದು ಈ ಮಾತನ್ನು ರೆಫ್ರಿಜರೇಟರಿನ ವಿಷಯದಲ್ಲಿ ಸ್ಪಷ್ಟಪಡಿಸಿತು. ದುರಸ್ತಿ ಮಾಡಿದವರು ಅದನ್ನು ಗಿರಾಕಿಗೆ ಒಪ್ಪಿಸಿದ್ದರು. ಮತ್ತೆ ದುರಸ್ತಿಗೆಂದು ಕೈಗೆ ಬಂದದ್ದನ್ನು ಹಿಂದಿನ ಬಾಕಿಗಾಗಿ ತಡೆಹಿಡಿದರು. ಒಮ್ಮೆ ಬಿಟ್ಟುಕೊಟ್ಟ ಹಕ್ಕು ಮರಳಿ ಬರುವುದಿಲ್ಲವೆಂದು ನ್ಯಾಯಾಲಯ ಹೇಳಿತು.

ಇಂಗ್ಲೆಂಡಿನಲ್ಲಿ ೧೯೧೫ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದು ಇನ್ನೂ ಸ್ವಾರಸ್ಯವಾಗಿದೆ. ಹ್ಯಾಟನ್ ಎಂಬ ಕಾರಿನ ಒಡತಿ ತನ್ನ ಕಾರನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಒಂದು ಕಂಪನಿಗೆ ವಹಿಸಿದ್ದಳು. ಹಣ ಬಾಕಿ ಬಿತ್ತು. ಕಂಪನಿ ಕಾರನ್ನು ಹಿಡಿದುಕೊಂಡಿತು. ನ್ಯಾಯಾಲಯ ಕಂಪನಿಯ ಮಾತನ್ನು ಒಪ್ಪಲಿಲ್ಲ. ಒಂದು, ಇದ್ದ ಸ್ಥಿತಿಯಲ್ಲಿ ಕಾಪಾಡಿಕೊಂಡು ಬರುವುದು ಬೇರೆ, ಕೆಟ್ಟದ್ದನ್ನು ಸರಿಮಾಡಿ ಉತ್ತಮಪಡಿಸುವುದು ಬೇರೆ. ಎರಡು, ಒಡತಿ ಬೇಕೆಂದಾಗಲೆಲ್ಲ ಕಾರನ್ನು ಒಯ್ಯಬಹುದಾಗಿದ್ದರೆ ಕಂಪನಿಗೆ ಎಡೆಬಿಡದ ವಶವಿತ್ತೆಂದು ಹೇಗೆ ಹೇಳುವುದು?

ಇನ್ನೊಂದು ಮಿತಿಯನ್ನು ಗಮನಿಸಬೇಕು. ಯಾವ ಗಾಡಿಗೆ ಕೆಲಸ ಮಾಡಿದನೋ ಆ ಗಾಡಿಯ ಮೇಲೆ, ಆ ಕೆಲಸದ ಕೂಲಿಗೆ ಮಾತ್ರ ಈ ಹಿಡಿತ. ಕಳೆದ ವರ್ಷ ಮಗನ ಸ್ಕೂಟರಿಗೆ ಮಾಡಿದ ಕೆಲಸದ ಬಾಕಿಗೆ ಇಂದು ತಂದೆಯ ಕಾರನ್ನು ಹಿಡಿಯುವಂತಿಲ್ಲ. ಹಳೆಯ ಲೆಕ್ಕಕ್ಕೆಲ್ಲ ಸೇರಿಸಿ ತಡೆಹಿಡಿಯುವ ವಿಶಾಲವಾದ ಹಕ್ಕನ್ನು ೧೭೧ನೆಯ ಕಲಮು ಬ್ಯಾಂಕುಗಳು, ಬಂದರುಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು ಮುಂತಾದ ಕೆಲವರಿಗೆ ಮಾತ್ರ ಕೊಟ್ಟಿದೆ. ಆ ಪಟ್ಟಿಯಲ್ಲಿ ಮೇಸ್ತ್ರಿಯ ಹೆಸರಿಲ್ಲ.

ತನ್ನ ಗಾಡಿಯನ್ನು ತಾನೇ ಕದ್ದರೆ?

ರಾತ್ರಿ ಗ್ಯಾರೇಜು ಮುಚ್ಚಿದ ಮೇಲೆ, ಮನೆಯಲ್ಲಿರುವ ಇನ್ನೊಂದು ಕೀಲಿಕೈ ಹಿಡಿದು ಬಂದು ಗಾಡಿಯನ್ನು ಸದ್ದಿಲ್ಲದೆ ಒಯ್ದುಬಿಟ್ಟರೆ? ಈ ಉಪಾಯ ಹೊಳೆದ ಯಜಮಾನರು ಇಲ್ಲದಿಲ್ಲ. ‘ನನ್ನ ವಸ್ತುವನ್ನು ನಾನು ಒಯ್ದರೆ ಅದು ಕಳವಾಗುವುದು ಹೇಗೆ?’ ಎಂಬುದು ಅವರ ವಾದ.

ಆದರೆ ಆಗುತ್ತದೆ. ೧೮೬೦ರ ದಂಡ ಸಂಹಿತೆಯೇ ಕಳವಿನ ಕಲಮಿನ ಕೆಳಗೆ ಕೈಗಡಿಯಾರದ ದೃಷ್ಟಾಂತದಿಂದ ಇದನ್ನು ಹೇಳಿತ್ತು. ಗಡಿಯಾರದ ಒಡೆಯ ದುರಸ್ತಿಯ ಹಣ ಕೊಡಬೇಕಾಗಿದೆ. ದುರಸ್ತಿ ಮಾಡಿದವನು ಅದನ್ನು ನ್ಯಾಯಬದ್ಧವಾಗಿ ತಡೆಹಿಡಿದಿದ್ದಾನೆ. ಆ ಭದ್ರತೆಯನ್ನು ಅವನಿಂದ ತಪ್ಪಿಸುವ ಉದ್ದೇಶದಿಂದ ಒಡೆಯನು ಗಡಿಯಾರವನ್ನು ತೆಗೆದುಕೊಂಡು ಹೋದರೆ ಕಳವು ಮಾಡಿದಂತೆಯೇ. ಏಕೆಂದರೆ ಕಳವೆಂಬುದು ಮತ್ತೊಬ್ಬನ ವಶದ ಮೇಲಣ ಅಪರಾಧ. ೨೦೨೪ರ ಜುಲೈ ೧ರಿಂದ ಹಳೆಯ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ೩೦೩ನೆಯ ಕಲಮಿನಲ್ಲಿಯೂ ಅದೇ ಗಡಿಯಾರದ ದೃಷ್ಟಾಂತ ಉಳಿದಿದೆ.

ಅದರ ಜೊತೆಗೇ ಇನ್ನೊಂದು ದೃಷ್ಟಾಂತವೂ ಇದೆ. ಯಾವ ಬಾಕಿಯೂ ಇಲ್ಲದ ಒಡೆಯನು ತನ್ನ ಗಡಿಯಾರವನ್ನು ಅಂಗಡಿಗೆ ನುಗ್ಗಿ ಬಲಾತ್ಕಾರದಿಂದ ಕಿತ್ತುಕೊಂಡರೆ, ಅತಿಕ್ರಮ ಪ್ರವೇಶ, ಹಲ್ಲೆಗಳ ಅಪರಾಧವಾಗಬಹುದು, ಕಳವಾಗದು. ಎರಡು ದೃಷ್ಟಾಂತಗಳ ನಡುವಣ ವ್ಯತ್ಯಾಸವೆಲ್ಲ ಬಾಕಿ ಹಣದಲ್ಲಿದೆ.

ಹಿಡಿಯಬಹುದು, ಮಾರಬಾರದು

ಈಗ ಮೇಸ್ತ್ರಿಯ ಸರದಿ. ಗಾಡಿ ನಿಂತು ಎಂಟು ತಿಂಗಳಾಯಿತು. ಟಯರುಗಳು ಕುಸಿದಿವೆ, ಬ್ಯಾಟರಿ ಸತ್ತಿದೆ, ಮೂರು ಗಾಡಿ ನಿಲ್ಲುವ ಜಾಗದಲ್ಲಿ ಒಂದನ್ನು ಅದೇ ಆಕ್ರಮಿಸಿದೆ. ಯಜಮಾನರು ಫೋನು ಎತ್ತುವುದಿಲ್ಲ. ‘ಇನ್ನು ಗುಜರಿಯವನಿಗೆ ಕೊಟ್ಟು ನನ್ನ ದುಡ್ಡು ಹಿಡಿದುಕೊಳ್ಳುತ್ತೇನೆ’ ಎಂಬ ಯೋಚನೆ ಬರುವುದು ಸಹಜ.

ಕಾನೂನಿನ ಗೆರೆ ಇರುವುದು ಇಲ್ಲಿಯೇ. ೧೭೦ನೆಯ ಕಲಮು ಇರಿಸಿಕೊಳ್ಳಲು ಹೇಳುತ್ತದೆ, ಮಾರಲು ಹೇಳುವುದಿಲ್ಲ. ಅದೇ ಅಧಿನಿಯಮದಲ್ಲಿ ಒತ್ತೆ ಹಿಡಿದವನಿಗೆ ತಕ್ಕ ನೋಟೀಸು ಕೊಟ್ಟು ಮಾರುವ ಅಧಿಕಾರವಿದೆ. ಬೀದಿಯಲ್ಲಿ ವಸ್ತು ಸಿಕ್ಕವನಿಗೂ ಕೆಲವು ಸಂದರ್ಭಗಳಲ್ಲಿ ಮಾರುವ ಅಧಿಕಾರವಿದೆ: ಒಡೆಯನು ಸಿಗದೆ ಅಥವಾ ಖರ್ಚು ಕೊಡಲೊಪ್ಪದೆ, ವಸ್ತು ಕೆಡುವಂತಿದ್ದರೆ ಇಲ್ಲವೆ ಖರ್ಚು ಬೆಲೆಯ ಮೂರರಲ್ಲಿ ಎರಡು ಪಾಲಿಗೆ ಮುಟ್ಟಿದರೆ ಅವನು ಮಾರಬಹುದು. ಮೈಮುರಿದು ದುಡಿದ ಮೇಸ್ತ್ರಿಗೆ ಮಾತ್ರ ಆ ಅಧಿಕಾರವಿಲ್ಲ. ವಿಚಿತ್ರವೆನಿಸಿದರೂ ಕಾನೂನು ಹೀಗಿದೆ.

ಮಾರಿದನೆಂದರೆ ಫಲವೇನು? ಪರರ ಸ್ವತ್ತನ್ನು ವಿಲೇವಾರಿ ಮಾಡಿದ್ದಕ್ಕೆ ಪರಿಹಾರ ತೆರಬೇಕಾಗುತ್ತದೆ. ನಂಬಿಕೆದ್ರೋಹದ ಆರೋಪವೂ ಬರಬಹುದು. ಕೊಂಡವನಿಗೂ ಸುಖವಿಲ್ಲ. ಸಾರಿಗೆ ಕಚೇರಿಯಲ್ಲಿ ಮಾಲೀಕತ್ವ ಬದಲಾಗಬೇಕಾದರೆ ನಮೂನೆ ೨೯ ಮತ್ತು ೩೦ ಬೇಕು. ಮಾರಿದವರ ಸ್ಥಾನದಲ್ಲಿ ನೋಂದಾಯಿತ ಮಾಲೀಕರ ಸಹಿ ಬೇಕು. ಮೇಸ್ತ್ರಿ ಆ ಸಹಿಯನ್ನು ಎಲ್ಲಿಂದ ತಂದಾನು? ಹಿಡಿದಿಟ್ಟ ಗಾಡಿಯನ್ನು ತನ್ನ ಓಡಾಟಕ್ಕೆ ಬಳಸುವುದೂ ತಪ್ಪೇ. ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳುವ ಹೊಣೆ ಹಿಡಿದಿಟ್ಟಷ್ಟು ದಿನವೂ ಅವನದೇ.

ಇಂಗ್ಲೆಂಡು ಈ ಕೊರತೆಯನ್ನು ಶಾಸನದಿಂದ ತುಂಬಿಕೊಂಡಿತು. ಒಯ್ಯದೆ ಬಿಟ್ಟ ವಸ್ತುಗಳ ವಿಲೇವಾರಿಗೆಂದು ಅಲ್ಲಿ ೧೯೫೨ರಲ್ಲಿ ಒಂದು ಶಾಸನ ಬಂದಿತು. ೧೯೭೭ರ ಶಾಸನ ಅದರ ಸ್ಥಾನವನ್ನು ಪಡೆಯಿತು. ಅದರಂತೆ, ಹಣ ಬಾಕಿಯಿರುವಾಗ ಕನಿಷ್ಠ ಮೂರು ತಿಂಗಳ ನೋಟೀಸು ಕೊಟ್ಟು ದುರಸ್ತಿಗಾರನು ವಸ್ತುವನ್ನು ಮಾರಬಹುದು. ತನಗೆ ಸಲ್ಲಬೇಕಾದದ್ದನ್ನು ಇರಿಸಿಕೊಂಡು ಉಳಿದುದನ್ನು ಒಡೆಯನಿಗೆ ಒಪ್ಪಿಸಬೇಕು. ನಮ್ಮ ಕರಾರು ಅಧಿನಿಯಮದಲ್ಲಿ ಮೇಸ್ತ್ರಿಗೆ ಅಂಥ ಅನುಕೂಲವಿಲ್ಲ.

ನಿಂತ ಗಾಡಿಗೆ ಬಾಡಿಗೆ

ಯಜಮಾನರಿಗೆ ಹೆಚ್ಚು ಸಿಟ್ಟು ತರಿಸುವ ಬಾಬ್ತೆಂದರೆ ‘ನಿಲುಗಡೆ ಶುಲ್ಕ’. ಈ ಪ್ರಶ್ನೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಒಂದು ಹಡಗಿನ ವಿಷಯದಲ್ಲಿ ಲಂಡನ್ನಿನ ಲಾರ್ಡ್ಸ್ ಸಭೆಯವರೆಗೆ ಹೋಗಿತ್ತು. ‘ಬ್ರಿಟಿಷ್ ಎಂಪೈರ್’ ಎಂಬ ಹಡಗನ್ನು ದುರಸ್ತಿ ಮಾಡಿದವರು, ಹಣ ಬರುವವರೆಗೆ ಹಡಗನ್ನು ತಮ್ಮ ಕಟ್ಟೆಯಲ್ಲಿ ತಡೆಹಿಡಿದು, ದಿನವೊಂದಕ್ಕೆ ೨೧ ಪೌಂಡಿನಂತೆ ಕಟ್ಟೆಯ ಬಾಡಿಗೆಯನ್ನೂ ಕೇಳಿದರು. ೧೮೬೦ರ ತೀರ್ಪಿನಲ್ಲಿ ಆ ಬಾಡಿಗೆ ಸಲ್ಲದೆಂದಾಯಿತು. ತಡೆಹಿಡಿಯುವವನು ತನ್ನ ಹಿತಕ್ಕಾಗಿ ತಡೆಹಿಡಿಯುತ್ತಾನೆ. ಅದರ ಖರ್ಚನ್ನು ಒಡೆಯನ ತಲೆಗೆ ಕಟ್ಟುವಂತಿಲ್ಲ ಎಂಬುದು ಅದರ ತಿರುಳು.

ಇಂಗ್ಲೆಂಡಿನ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಇಂಥ ವಿಷಯಗಳಲ್ಲಿ ಅವು ಅದಕ್ಕೆ ಬೆಲೆ ಕೊಡುವುದುಂಟು. ಗಾಡಿ ಸಿದ್ಧವಾಗಿ ಇಷ್ಟು ದಿನವಾದ ಮೇಲೆ ಇಷ್ಟು ಬಾಡಿಗೆಯೆಂದು ಮೊದಲೇ ಸಹಿ ಮಾಡಿದ ಜಾಬ್ ಕಾರ್ಡಿನಲ್ಲಿ ಒಪ್ಪಿದ್ದರೆ ಮಾತು ಬೇರೆ. ಆಗ ಅದು ಕರಾರಿನ ಪ್ರಶ್ನೆ. ಕಾರ್ಡಿನ ಹಿಂಬದಿಯ ಸಣ್ಣಕ್ಷರಗಳನ್ನು ಓದದೆ ಸಹಿ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸಾಲದ ಕಂತಿನಲ್ಲಿ ಕೊಂಡ ಗಾಡಿಗಳದು ಇನ್ನೊಂದು ತೊಡಕು. ೧೯೨೮ರಲ್ಲಿ ವರದಿಯಾದ ಲಂಡನ್ನಿನ ಟ್ಯಾಕ್ಸಿಗಳ ಮೊಕದ್ದಮೆಯಲ್ಲಿ, ಟ್ಯಾಕ್ಸಿಗಳು ಕಂತಿನ ಮೇಲೆ ಕೊಟ್ಟ ಕಂಪನಿಯ ಸ್ವತ್ತು. ದುರಸ್ತಿಗೆ ಬಿಟ್ಟವನು ಕಂತು ಕಟ್ಟುತ್ತಿದ್ದವನು. ಗಾಡಿಯನ್ನು ಸುಸ್ಥಿತಿಯಲ್ಲಿಡಬೇಕೆಂದು ಅವನಿಗೆ ಹೇಳಿದವರೇ, ದುರಸ್ತಿ ಮಾಡಿಸುವ ಅಧಿಕಾರವನ್ನೂ ಅವನಿಗೆ ಕೊಟ್ಟಂತಾಯಿತೆಂದು ನ್ಯಾಯಾಲಯ ಗ್ಯಾರೇಜಿನವನ ಹಿಡಿತವನ್ನು ಎತ್ತಿಹಿಡಿಯಿತು. ವ್ಯಾಪಾರಿಯೊಬ್ಬನು ಬಳಸಲು ಕೊಟ್ಟ ವ್ಯಾನಿನ ವಿಷಯದಲ್ಲಿ ೧೯೬೩ರಲ್ಲಿ ವಿಚಾರಣೆಯಾದ ಟ್ಯಾಪೆಂಡನ್ ಮೊಕದ್ದಮೆಯಲ್ಲಿಯೂ ತೀರ್ಪು ಇದೇ ಜಾಡಿನಲ್ಲಿ ಸಾಗಿತು.

ಹಣ ವಸೂಲಾಗುವ ದಾರಿ

ಹಾಗಾದರೆ ಮೇಸ್ತ್ರಿ ಮಾಡಬೇಕಾದದ್ದೇನು? ಮೊದಲು, ಬಿಡಿಬಿಡಿಯಾಗಿ ಬರೆದ ಬಿಲ್ಲಿನೊಡನೆ, ಸ್ವೀಕೃತಿ ದೊರೆಯುವಂತೆ ಅಂಚೆಯಲ್ಲಿ ನೋಟೀಸು ಕಳುಹಿಸಬೇಕು. ಉತ್ತರ ಬರದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಹಣಕ್ಕೆ ದಾವೆ. ಹಣ ಕೊಡಲು ದಿನ ಗೊತ್ತುಮಾಡಿಲ್ಲದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕೆಂದು ೧೯೬೩ರ ಕಾಲಪರಿಮಿತಿ ಅಧಿನಿಯಮ ಹೇಳುತ್ತದೆ. ಡಿಕ್ರಿಯಾದ ಮೇಲೂ ಹಣ ಬರದಿದ್ದರೆ ನ್ಯಾಯಾಲಯದ ಮೂಲಕ ಗಾಡಿಯನ್ನು ಜಪ್ತಿ ಮಾಡಿಸಿ ಹರಾಜು ಹಾಕಿಸಬಹುದು. ದಾವೆ ನಡೆಯುತ್ತಿರುವಾಗಲೇ ಜಪ್ತಿಯಾದ ಗಾಡಿ ಹಾಳಾಗುತ್ತಿದ್ದರೆ, ತಕ್ಕ ಕಾರಣ ತೋರಿಸಿ ಮಧ್ಯದಲ್ಲಿಯೇ ಮಾರಾಟದ ಆಜ್ಞೆ ಬೇಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ೩೯ನೆಯ ಆದೇಶದ ೬ನೆಯ ನಿಯಮ ಅವಕಾಶ ಕೊಡುತ್ತದೆ. ದಾರಿ ದೂರ, ಆದರೆ ಮಾರಾಟಕ್ಕೆ ನ್ಯಾಯಾಲಯದ ಮುದ್ರೆ ದೊರೆಯುವುದು ಈ ದಾರಿಯಲ್ಲಿಯೇ.

ಯಜಮಾನರಿಗೂ ದಾರಿಗಳಿವೆ. ತಮ್ಮ ಲೆಕ್ಕದಲ್ಲಿ ನ್ಯಾಯವಾದ ಮೊತ್ತವನ್ನು ಮುಂದಿಟ್ಟು, ಬರಹದಲ್ಲಿ ದಾಖಲೆ ಮಾಡಿಕೊಳ್ಳಬಹುದು. ಸಲ್ಲಬೇಕಾದದ್ದು ನಿಜವಾಗಿ ಅಷ್ಟೇ ಆಗಿದ್ದರೆ, ಅದನ್ನು ನಿರಾಕರಿಸಿದ ಗಳಿಗೆಯಿಂದ ಮೇಸ್ತ್ರಿಯ ಹಿಡಿತ ಅಕ್ರಮ. ಆಮೇಲೆ ಗಾಡಿಗಾದ ಹಾನಿಗೆಲ್ಲ ಅವನೇ ಹೊಣೆ. ಲೆಕ್ಕ ತಪ್ಪಿದರೆ ನಷ್ಟ ಯಜಮಾನರದು. ಪ್ರಯಾಣ ತುರ್ತಾಗಿದ್ದರೆ, ಪೂರ್ತಿ ಹಣವನ್ನು ‘ಆಕ್ಷೇಪಣೆಯೊಡನೆ ಕೊಟ್ಟಿದೆ’ ಎಂದು ಬರೆದು ಕೊಟ್ಟು, ಗಾಡಿಯನ್ನು ಬಿಡಿಸಿಕೊಂಡು, ಬಳಿಕ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಇಬ್ಬರಿಗೂ ಹತ್ತಿರದ ದಾರಿ ಲೋಕ ಅದಾಲತು. ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು. ಇಬ್ಬರೂ ಒಪ್ಪಿದ ರಾಜಿ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಪೊಲೀಸ್ ಠಾಣೆಯಾದರೋ ಬಿಲ್ಲಿನ ಲೆಕ್ಕ ತೀರಿಸುವ ಸ್ಥಳವಲ್ಲ.

ಒಂದು ಹಾಳೆಯ ಬೆಲೆ

ಇಷ್ಟೆಲ್ಲ ಕಲಮುಗಳನ್ನು ನೋಡಿದ ಮೇಲೆ ಓಣಿಯ ಆ ಗ್ಯಾರೇಜಿಗೆ ಹಿಂದಿರುಗಿದರೆ, ಜಗಳದ ಬೇರು ಎಲ್ಲಿದೆಯೆಂಬುದು ಕಾಣುತ್ತದೆ. ೧೮,೦೦೦ ಎಂದದ್ದು ಬಾಯಿಮಾತು. ಗ್ಯಾಸ್ಕೆಟ್ಟಿನ ವಿಷಯ ಹೇಳಿದ್ದು ಫೋನಿನಲ್ಲಿ. ಯಜಮಾನರು ‘ಸರಿ’ ಎಂದರೋ, ‘ನೋಡೋಣ’ ಎಂದರೋ ಯಾರಿಗೆ ಗೊತ್ತು? ‘ಸರಿ’ ಎಂದಿದ್ದರೆ ೨೮,೦೦೦ಕ್ಕೂ ಹಿಡಿತ ಉಂಟು. ಹೇಳದೆ ಕೇಳದೆ ಮಾಡಿದ ಕೆಲಸವಾಗಿದ್ದರೆ ಆ ಹತ್ತು ಸಾವಿರಕ್ಕೆ ಹಿಡಿತವೆಲ್ಲಿಯದು? ಕಾನೂನು ಸ್ಪಷ್ಟವಾಗಿದ್ದರೂ, ಅದಕ್ಕೆ ಬೇಕಾದ ಸಾಕ್ಷ್ಯ ಗಾಳಿಯಲ್ಲಿ ಹಾರಿಹೋಗಿದೆ.

ಗಾಡಿಯನ್ನು ಬಿಡುವಾಗ ಒಂದು ಹಾಳೆಯಲ್ಲಿ ಕೆಲಸದ ವಿವರ, ಅಂದಾಜು ಮೊತ್ತ, ಕೊಡುವ ದಿನ, ಇಬ್ಬರ ಸಹಿ. ಬಿಚ್ಚಿ ನೋಡಿದ ಮೇಲೆ ಹೆಚ್ಚಿನ ಕೆಲಸ ಬಿದ್ದರೆ ಬರಹದಲ್ಲಿ ಒಂದು ಸಂದೇಶ, ಅದಕ್ಕೊಂದು ಉತ್ತರ. ತೆಗೆದುಹಾಕಿದ ಹಳೆಯ ಭಾಗಗಳನ್ನು ಯಜಮಾನರಿಗೆ ತೋರಿಸುವ ಪದ್ಧತಿ. ಇಷ್ಟಿದ್ದರೆ ಹತ್ತರಲ್ಲಿ ಒಂಬತ್ತು ಜಗಳಗಳು ಹುಟ್ಟುವುದೇ ಇಲ್ಲ ಎನ್ನಬಹುದು.

ಆ ಶನಿವಾರದ ಜಗಳವೂ ಬಹುಶಃ ಇಂಥ ಜಗಳಗಳು ಮುಗಿಯುವಂತೆಯೇ ಮುಗಿದೀತು. ಪಕ್ಕದ ಅಂಗಡಿಯ ಹಿರಿಯರೊಬ್ಬರು ನಡುವೆ ಬಂದು, ಸುಟ್ಟ ಗ್ಯಾಸ್ಕೆಟ್ಟನ್ನು ಯಜಮಾನರ ಕೈಗೆ ಕೊಡಿಸಿ, ಸಾಮಾನಿನ ಅಂಗಡಿಯ ರಸೀತಿಯನ್ನು ತೆಗೆಸಿ ನೋಡಿ, ೨೫,೦೦೦ಕ್ಕೆ ಇಬ್ಬರನ್ನೂ ಒಪ್ಪಿಸಿಯಾರು. ಯಜಮಾನರು ಹಣ ಎಣಿಸಿ ಕೊಟ್ಟಾರು. ಮೇಸ್ತ್ರಿ ಎಣಿಸಿ ನೋಡಿ, ಜೇಬಿನಿಂದ ಕೀಲಿಕೈ ತೆಗೆದು, ಹೊರಡುವ ಮುನ್ನ ಒಮ್ಮೆ ಬಾನೆಟ್ಟು ಎತ್ತಿ ನೀರು ನೋಡಿ, “ಐನೂರು ಕಿಲೋಮೀಟರು ಆದಮೇಲೆ ಒಂದು ಸಲ ತಂದು ತೋರಿಸಿ ಸಾರ್” ಎಂದಾನು.